ಬಳೆಗೆ ಬಳೆ ತಾಗ್ಸೋದು

ಜಾಲಹಳ್ಳಿ ಅಂದ್ರೆ ಈಗಿನೋರಿಗೆ ಮೆಟ್ರೋ. ನಮ್ಮ ಕಾಲದೋರಿಗೆ ಫ್ಯಾಕ್ಟರಿ ಸೈರನ್ನು. ಎಚ್‌ಎಂಟಿ ಶುರುವಾಗಿದ್ದು 1953ರಲ್ಲಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚೂ ಮಾಡೋಕೆ ಹಿಡಿದ್ರು. ಇತ್ತ ಬಿಇಎಲ್ಲು, ಅತ್ತ ಪೀಣ್ಯದ ಶೆಡ್ಡುಗಳು. ಮನೆಗೊಬ್ರು ಟರ್ನರೋ ಫಿಟ್ಟರೋ ಇರೋರು. ನಮ್ಮನೇಲಿ ಡ್ರಾಫ್ಟ್ಸ್‌ಮನ್, ಅಂದ್ರೆ ನಮ್ಮೆಜಮಾನ್ರು.

ಎರಡು ವರ್ಷದಿಂದ ಅವರ ಬಲಗೈ ನಡುಗುತ್ತೆ. ಕಾಫಿ ಲೋಟಾನೇ ಹಿಡಿಯೋಕಾಗಲ್ಲ, ಕೈವಾರ ಎಲ್ಲಿಂದ ಬಂತು? ಮಗ ಲ್ಯಾಪ್‌ಟಾಪಲ್ಲಿ ಆಟೋಕ್ಯಾಡ್ ಹಾಕ್ಕೊಟ್ಟ. ಮೌಸೂ ನಿಲ್ಲಲ್ಲ. ಕೊನೆಗೆ ಮೌಸ್ ನನ್ನ ಕೈಲಿ, ಲೆಕ್ಕ ಅವರ ತಲೇಲಿ ಅಂತಾಯ್ತು. ಸಣ್ಣ ಶೆಡ್ಡಿನೋರು ಚೀಟಿ ಕಳಿಸ್ತಾರೆ, ನಾವು ಡ್ರಾಯಿಂಗ್ ಮಾಡ್ಕೊಡ್ತೀವಿ. ದುಡ್ಡು ಅಷ್ಟಕ್ಕಷ್ಟೆ. ಆದ್ರೆ ಆ ಕೆಲ್ಸ ಇದ್ದ ದಿನ ಅವರು ಬೆಳಗ್ಗೆ ಬೇಗ ಸ್ನಾನ ಮಾಡ್ತಾರೆ.

ಒಂದಿನ ಹೀಗೊಂದು ಚೀಟಿ ಬಂತು. 40 ಮಿಲಿಮೀಟರಿನ ಒಂದು ವೃತ್ತ, 30ರದ್ದು ಇನ್ನೊಂದು, ಎರಡರ ಕೇಂದ್ರದ ನಡುವೆ 100. ಎರಡಕ್ಕೂ ಹೊರಗಿಂದ ತಾಗೋ ಹಾಗೆ 30 ತ್ರಿಜ್ಯದ ಕಮಾನು. ಇದಕ್ಕೆ ಸರ್ಕಲ್ ಆಜ್ಞೇಲಿ ಟಿಟಿಆರ್ ಅಂತಿದೆ: ಟ್ಯಾನ್, ಟ್ಯಾನ್, ರೇಡಿಯಸ್. ಎಷ್ಟು ಸಲ ಕೊಟ್ರೂ ‘ಸರ್ಕಲ್ ಡಸ್ ನಾಟ್ ಎಕ್ಸಿಸ್ಟ್’ ಅಂತಿತ್ತು. ಇವರು ಕನ್ನಡಕ ತೆಗೆದಿಟ್ರು. ‘ಕೈ ಹೋಯ್ತು, ಈಗ ತಲೇನೂ ಹೋಯ್ತು ಕಣೇ. ಇನ್ನು ಬೇಡ ಅಂತ ಹೇಳ್ಬಿಡು’ ಅಂದ್ರು.

ನಾನು ಓದಿರೋದು ಪಿಯುಸಿ. ಆದ್ರೆ ಹೈಸ್ಕೂಲಲ್ಲಿ ಓದಿದ ಸ್ಪರ್ಶಕ ನೆನಪಿದೆ. ಪೇಪರ್ ಮೇಲೆ ಕೂಡಿ ಕಳೆದೆ. 100ರಲ್ಲಿ 20, 15 ಹೋದ್ರೆ ನಡುವೆ ಉಳಿಯೋ ಜಾಗ 65. 30 ತ್ರಿಜ್ಯದ ವೃತ್ತ ಅಡ್ಡಡ್ಡ 60 ಅಷ್ಟೆ. ಎರಡು ಬಳೆ ದೂರ ಇಟ್ಟು ಮಧ್ಯೆ ಸಣ್ಣ ಬಳೆ ಹಾಕಿದ್ರೆ ಎರಡಕ್ಕೂ ಹೇಗ್ರೀ ತಾಗುತ್ತೆ? ಕಡಿಮೆ ಅಂದ್ರೂ ತ್ರಿಜ್ಯ 32.5 ಬೇಕು. ಕಂಪ್ಯೂಟರ್ ಸರಿಯಾಗೇ ಹೇಳಿತ್ತು. ‘ರೀ, ಫೋನ್ ಮಾಡಿ ಕೇಳಿ’ ಅಂದೆ. ಕೇಳಿದ್ರೆ, ಅದು 30 ಅಲ್ವಂತೆ, 80! ಆತುರದಲ್ಲಿ ಗೀಚಿದ ಎಂಟು ಮೂರಿನ ಹಾಗಿತ್ತು.

80 ಕೊಟ್ರೂ ಮುಗೀಲಿಲ್ಲ. ಎರಡು ವೃತ್ತಾನೂ ಹೊಟ್ಟೇಲಿ ಹಾಕ್ಕೊಂಡು ದೊಡ್ಡದೊಂದು ಬಂತು. ಅದೂ ತಾಗೋ ವೃತ್ತಾನೇ, ನಮಗೆ ಬೇಕಾದ್ದಲ್ಲ ಅಷ್ಟೆ. ಇವರು ಕನ್ನಡಕ ಮತ್ತೆ ಹಾಕ್ಕೊಂಡು, ‘ಎಲ್ಲಿ ತಾಗ್ಬೇಕೋ ಅದರ ಹತ್ರಾನೇ ಒತ್ತೇ, ಒಂದಕ್ಕೊಂದು ಮುಖ ಮಾಡಿರೋ ಕಡೆ’ ಅಂದ್ರು. ಒತ್ತಿದೆ, ಕೂತ್ಕೊಂಡ್ತು. ನಾವು ಒತ್ತಿದ ಜಾಗಕ್ಕೆ ಹತ್ರ ಇರೋದನ್ನೇ ಅದು ಆರಿಸ್ಕೊಳ್ಳೋದು.

ಮನೇಲಿ ಮಕ್ಕಳು ಇದನ್ನ ಕಲೀತಿದ್ರೆ ಇನ್ನೆರಡು ಮಾತು ಹೇಳಿ. ಗೆರೆ ಎಳೆಯುವಾಗ ಸ್ಪರ್ಶಬಿಂದು ಬಿಟ್ಟು ಕೇಂದ್ರಾನೇ ಹಿಡೀತಿದ್ರೆ, ಬಿಂದು ಒತ್ತೋ ಮುಂಚೆ ‘ಟ್ಯಾನ್’ ಅಂತ ಟೈಪ್ ಮಾಡ್ಬೇಕು. ವೃತ್ತ ಮೂಲೆ ಮೂಲೆಯಾಗಿ ಕಂಡು ಗೆರೆ ತಾಗದ ಹಾಗೆ ಅನ್ಸಿದ್ರೆ ‘ಆರ್‌ಇ’ ಅಂತ ಹೊಡೆದು ಎಂಟರ್ ಕೊಡ್ಬೇಕು, ತೆರೆ ಹೊಸದಾಗಿ ಮೂಡುತ್ತೆ. ಕಣ್ಣನ್ನ ನಂಬೋದಕ್ಕಿಂತ ಅಳತೆ ನಂಬಿ. ಹೊರಗಿಂದ ತಾಗಿದ್ರೆ ಕೇಂದ್ರದಿಂದ ಕೇಂದ್ರಕ್ಕೆ ಎರಡೂ ತ್ರಿಜ್ಯ ಕೂಡಿದಷ್ಟು ಇರ್ಬೇಕು. ನಮ್ಮದರಲ್ಲಿ 100 ಮತ್ತು 95 ಬಂತು.

ಹೀಗೆ ಅಳೆದ ಮೇಲೇನೇ ಈಗ ನಾವು ಯಾವ ಡ್ರಾಯಿಂಗನ್ನೂ ಕಳಿಸೋದು. ‘ಬೇಡ ಅಂತ ಹೇಳ್ಬಿಡು’ ಅನ್ನೋ ಮಾತು ಆಮೇಲೆ ಅವರ ಬಾಯಲ್ಲಿ ಬಂದಿಲ್ಲ. ಅಂಕಿ ಮಾತ್ರ ಅಕ್ಷರದಲ್ಲೂ ಬರೆದು ಕಳಿಸಿ ಅಂತ ಶೆಡ್ಡಿನೋರಿಗೆ ಹೇಳಿಟ್ಟಿದಾರೆ.