ಹಾಜರಿ ಪುಸ್ತಕದ ಹೆಸರುಗಳು

ಕಳೆದ ಕ್ರಿಸ್ಮಸ್ ಹಬ್ಬದ ಗದ್ದಲವೆಲ್ಲ ಮುಗಿದು, ಗೋದಲಿಯ ಬೊಂಬೆಗಳನ್ನು ಪೆಟ್ಟಿಗೆಗೆ ಸೇರಿಸುತ್ತಿದ್ದ ಒಂದು ಸಂಜೆ ಗುರುಮನೆಯ ಬಾಗಿಲಿಗೆ ತಂದೆ ಮತ್ತು ಮಗಳು ಬಂದು ನಿಂತರು. ಸಿಂದಗಿ ತಾಲೂಕಿನ ಒಂದು ಹಳ್ಳಿಯವರು. ಹತ್ತು ವರ್ಷಗಳ ಹಿಂದೆ ನಾನು ಆ ಭಾಗದಲ್ಲಿ ಶಾಲೆಯೊಂದರ ಸಂಚಾಲಕನಾಗಿದ್ದಾಗ, ಧರ್ಮಭಗಿನಿಯರು ನಡೆಸುತ್ತಿದ್ದ ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯದಲ್ಲಿದ್ದು ಓದಿದವಳು ಈ ಮಗಳು. ಈಗ ಬಿ.ಎ. ಮುಗಿಸಿದ್ದಾಳೆ. ಕೈಯಲ್ಲಿ ಅರ್ಜಿಯ ನಕಲು ಇತ್ತು.

"ಫಾದರ್, ಎರಡು ಶಿಫಾರಸು ಪತ್ರ ಬೇಕಂತ್ರಿ. ಒಂದು ನಮ್ಮ ಕಾಲೇಜಿನ ಮೇಡಮ್ಮಾರು ಕೊಡ್ತಾರ್ರಿ. ಇನ್ನೊಂದು ನೀವ ಬರದು ಕೊಡ್ರಿ."

ಸಮಾಜವಿಜ್ಞಾನದ ಜೊತೆಗೆ ದತ್ತಾಂಶ ವಿಶ್ಲೇಷಣೆಯನ್ನು ಕಲಿಸುವ ಸ್ನಾತಕೋತ್ತರ ಪದವಿಗೆ ಅವಳು ಅರ್ಜಿ ಹಾಕುತ್ತಿದ್ದಳು. ನಾನು ಗುರುಮಠದಲ್ಲಿ ತತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ಓದಿದವನು. ಅಂಕಿಸಂಖ್ಯೆಗಳೊಂದಿಗೆ ನನ್ನ ಪರಿಚಯ ಕಾಣಿಕೆಯ ಲೆಕ್ಕದಾಚೆಗೆ ಹೋದದ್ದಿಲ್ಲ. ಆದುದರಿಂದ ಇದೇನೆಂದು ಅವಳನ್ನೇ ಕೇಳಿದೆ. ಜನಗಣತಿ, ಆರೋಗ್ಯ ಸಮೀಕ್ಷೆ, ಶಾಲಾ ದಾಖಲೆ ಮುಂತಾದ ರಾಶಿ ರಾಶಿ ಅಂಕಿಗಳನ್ನು ಕಂಪ್ಯೂಟರಿನಲ್ಲಿ 'ಆರ್', 'ಪೈಥಾನ್' ಎಂಬ ಭಾಷೆಗಳ ನೆರವಿನಿಂದ ಜೋಡಿಸಿ, ಅವುಗಳಿಂದ ಜನರ ಬಾಳಿನ ಬಗೆಗೆ ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂಬುದನ್ನು ತಿಳಿಯುವ ವಿದ್ಯೆ ಎಂದು ವಿವರಿಸಿದಳು. ಅಷ್ಟರಲ್ಲಿ ತಂದೆ ನಡುವೆ ಬಾಯಿ ಹಾಕಿದರು: "ಡಾಟಾ ಅಂದ್ರ ನಾವು ತಿಂಗಳಾ ತಿಂಗಳಾ ರಿಚಾರ್ಜ್ ಮಾಡಸ್ತೀವಲ್ರಿ ಫಾದರ್, ಅದ ಅಲ್ಲೇನ್ರಿ? ಅದನ್ನ ಕಲಿಯಾಕ ಎರಡು ವರ್ಷ ಬೇಕೇನ್ರಿ?" ಮಗಳು ನಕ್ಕಳು. ನಾನೂ ನಕ್ಕೆ. ಆದರೆ ಅವರು ನಗಲಿಲ್ಲ. ಅವರ ಮನಸ್ಸಿನಲ್ಲಿದ್ದುದು ಶುಲ್ಕದ ಚಿಂತೆ ಮತ್ತು ಮಗಳ ಮದುವೆಯ ಚಿಂತೆ.

ಅರ್ಜಿಯ ಮುಖ್ಯ ಭಾಗ, ತಾನು ಏಕೆ ಓದಬಯಸುತ್ತೇನೆ ಎಂಬ ಹೇಳಿಕೆ. ಅದನ್ನು ಹೇಗೆ ಆರಂಭಿಸಬೇಕೆಂದು ಕೇಳಿದಾಗ ನಾನು ಬಹಳ ಉತ್ಸಾಹದಿಂದ ಸಲಹೆ ಕೊಟ್ಟೆ. ನಮ್ಮ ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಳೆಯಲು ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ 2000ದಲ್ಲಿ ರಚನೆಯಾದ ಉನ್ನತಾಧಿಕಾರ ಸಮಿತಿ 2002ರಲ್ಲಿ ವರದಿ ಒಪ್ಪಿಸಿತು. 35 ಸೂಚಕಗಳನ್ನು ಒಂದುಗೂಡಿಸಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಅಂದಿನ 175 ತಾಲೂಕುಗಳನ್ನೂ ಅದು ತೂಗಿತು. 114 ತಾಲೂಕುಗಳು ಹಿಂದುಳಿದವೆಂದು ಕಂಡುಬಂದವು. ಅವುಗಳಲ್ಲಿ 39 'ಅತ್ಯಂತ ಹಿಂದುಳಿದ' ತಾಲೂಕುಗಳು. ಬೆಳಗಾವಿ ವಿಭಾಗದಿಂದ ಈ ಕೊನೆಯ ಗುಂಪಿಗೆ ಸೇರಿದ ಐದರಲ್ಲಿ ಧಾರವಾಡ ಜಿಲ್ಲೆಯ ಕಲಘಟಗಿಯನ್ನು ಬಿಟ್ಟರೆ ಉಳಿದ ನಾಲ್ಕೂ ನಮ್ಮವೇ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಅಂದಿನ ಬಿಜಾಪುರ ಜಿಲ್ಲೆಯಲ್ಲಿದ್ದುದೇ ಐದು ತಾಲೂಕುಗಳು! ಬಸವಣ್ಣನವರು ಹುಟ್ಟಿದ ನೆಲ, ಆಲಮಟ್ಟಿಯಂಥ ಅಣೆಕಟ್ಟನ್ನು ತನ್ನ ಮಡಿಲಲ್ಲಿ ಕಟ್ಟಿಸಿಕೊಂಡ ತಾಲೂಕು, ಅದೂ ಆ ಪಟ್ಟಿಯಲ್ಲಿತ್ತು.

"ಇದನ್ನೇ ಮೊದಲ ಸಾಲಿನಲ್ಲಿ ಬರೆ. ಓದಿದವರ ಮನಸ್ಸು ಕರಗುತ್ತದೆ," ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಮ್ಮೂರು ಹಿಂದ ಐತಿ ಅಂತ ತೋರಿಸಿ ಸೀಟು ಕೇಳೂದು ನನಗ ಬ್ಯಾಡ್ರಿ ಫಾದರ್. ಆ ವರದಿ ನಾನೂ ಓದೇನ್ರಿ. ಅದರಾಗ ನನ್ನ ತಮ್ಮ ಎಲ್ಲೂ ಸಿಗಲಿಲ್ರಿ," ಎಂದಳು.

ಆ ವರದಿಯ ಬಗೆಗೆ ನನಗೆ ಗೌರವವಿದೆ. ಉತ್ತರ ಕರ್ನಾಟಕದ ಅಳಲಿಗೆ ಅದು ಅಂಕಿಗಳ ಬಲ ಕೊಟ್ಟಿತು. ವಿಶೇಷ ಅಭಿವೃದ್ಧಿ ಯೋಜನೆಗೆ ಅದೇ ಬುನಾದಿಯಾಯಿತು. ಆದರೆ ಅವಳು ತೋರಿಸಿಕೊಟ್ಟ ಮಾತೂ ನಿಜ. ಲಕ್ಷ ಜನರಿಗೆ ಎಷ್ಟು ದೂರವಾಣಿಗಳು ಎಂಬುದು ಅಂದಿನ ಸೂಚಕಗಳಲ್ಲೊಂದು; ಇಂದು ಅವಳ ತಂದೆಯ ಅಂಗಿಯ ಜೇಬಿನಲ್ಲೂ ಮೊಬೈಲ್ ಇದೆ, ಬಾಳು ಹೆಚ್ಚೇನೂ ಬದಲಾಗಿಲ್ಲ. ಆ ತಾಲೂಕುಗಳೇ ಈಗ ಒಡೆದುಹೋಗಿವೆ. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆಯಾದವು; ಹಳೆಯ ಅಂಕಿಯ ಪಕ್ಕದಲ್ಲಿ ಹೊಸದನ್ನು ಇಟ್ಟು ನೋಡುವುದೇ ಕಷ್ಟ. 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ, ಅದರ ಆಧಾರ ದಿನಾಂಕ 2027ರ ಮಾರ್ಚ್ 1 ಎಂದು 2025ರಲ್ಲಷ್ಟೇ ಪ್ರಕಟವಾಯಿತು. ಅಸಮತೋಲನವನ್ನು ಹೊಸದಾಗಿ ಪರಿಶೀಲಿಸಲು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ರಚನೆಯಾಯಿತು.

ಇನ್ನು ಅವಳ ತಮ್ಮನ ವಿಷಯ. ಇದನ್ನು ಬರೆಯಲು ನನಗೆ ಸುಲಭವಲ್ಲ.

ದಸರೆ ಕಳೆದೊಡನೆ ಮುಕಾದಮನಿಂದ ಮುಂಗಡ ಪಡೆದು ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ ಹೊರಡುವ ಕುಟುಂಬಗಳನ್ನು ನಮ್ಮ ಭಾಗದವರೆಲ್ಲ ಬಲ್ಲರು. ಯುಗಾದಿಯ ಹೊತ್ತಿಗೆ ಅವರು ಮರಳುತ್ತಾರೆ. ಈ ಹುಡುಗಿಗೆ ವಿದ್ಯಾರ್ಥಿನಿಲಯದಲ್ಲಿ ಜಾಗ ಸಿಕ್ಕಿತು. ಗಂಡುಮಕ್ಕಳಿಗೆ ಅಂಥ ವ್ಯವಸ್ಥೆ ನಮ್ಮಲ್ಲಿರಲಿಲ್ಲ; ನಾಲ್ಕನೆಯ ತರಗತಿಯಲ್ಲಿದ್ದ ತಮ್ಮ ತಂದೆತಾಯಿಗಳೊಂದಿಗೆ ಗಾಡಿ ಹತ್ತಿದ. ಎರಡು ವರ್ಷ ಹೋಗಿ ಬಂದ. ಮೂರನೆಯ ವರ್ಷ ಶಾಲೆಗೆ ಬರಲೇ ಇಲ್ಲ. ಈಗ ಅವನೇ ಒಂದು ಗ್ಯಾಂಗಿನಲ್ಲಿ ಕಬ್ಬು ಕಡಿಯುತ್ತಾನೆ.

ಆದರೆ ನಮ್ಮ ಹಾಜರಿ ಪುಸ್ತಕದಲ್ಲಿ ಅವನು ಹೋಗಿರಲೇ ಇಲ್ಲ. ತಿಂಗಳುಗಟ್ಟಲೆ ಅವನ ಹೆಸರಿನ ಮುಂದೆ ಹಾಜರಿ ಬೀಳುತ್ತಿತ್ತು. ಹೆಸರು ತೆಗೆದರೆ ವಾರ್ಷಿಕ ಪರೀಕ್ಷೆ ತಪ್ಪೀತೆಂಬ ಕನಿಕರ ಅದರಲ್ಲಿತ್ತು. ಹಾಜರಾತಿ ಕುಸಿದರೆ ಮೇಲಿನವರಿಗೆ ಉತ್ತರ ಕೊಡಬೇಕಾದೀತೆಂಬ ಅಂಜಿಕೆಯೂ ಇತ್ತು. ಎರಡರಲ್ಲಿ ಯಾವುದು ಹೆಚ್ಚು ಎಂದು ನಾನು ಆಗ ಕೇಳಿಕೊಳ್ಳಲಿಲ್ಲ. ತಿಂಗಳ ಕೊನೆಯಲ್ಲಿ ಪುಟದ ಕೆಳಗೆ ಸಹಿ ಹಾಕಿದೆ. ವಲಸೆ ಹೋಗುವವರ ಮಕ್ಕಳಿಗಾಗಿ ಋತುಮಾನದ ವಸತಿ ವ್ಯವಸ್ಥೆ ತೆರೆಯಲು ಆಗಿನ ಸರ್ವ ಶಿಕ್ಷಣ ಅಭಿಯಾನದಲ್ಲಿ ಅವಕಾಶವಿತ್ತು. ಅದನ್ನು ಕೇಳಬೇಕಾದರೆ ಎಷ್ಟು ಮಕ್ಕಳು ಹೋಗಿದ್ದಾರೆಂದು ತೋರಿಸಬೇಕಲ್ಲವೇ? ನಮ್ಮ ಪುಸ್ತಕದ ಪ್ರಕಾರ ಒಬ್ಬನೂ ಹೋಗಿರಲಿಲ್ಲ.

ಅವಳು ಈ ಹೇಳಿಕೆಗಾಗಿಯೇ ಆ ಹಳೆಯ ಪುಸ್ತಕಗಳನ್ನು ನೋಡಬಯಸಿದಳು. ಈಗಿನ ಸಂಚಾಲಕರಿಗೆ ದೂರವಾಣಿ ಮಾಡಿ ಒಪ್ಪಿಗೆ ಪಡೆದೆ. ಹೆಸರುಗಳನ್ನು ಎಲ್ಲಿಯೂ ಬರೆಯುವುದಿಲ್ಲ, ಎಣಿಕೆ ಮಾತ್ರ ಎಂದು ತಾನಾಗಿಯೇ ಹೇಳಿದಳು. ಎರಡು ದಿನ ಕಪಾಟಿನ ಮುಂದೆ ನೆಲದ ಮೇಲೆ ಕುಳಿತು, ಕಬ್ಬಿನ ಹಂಗಾಮಿಗೆ ಹೋಗುತ್ತಿದ್ದರೆಂದು ತನಗೆ ತಿಳಿದಿದ್ದ ಮಕ್ಕಳನ್ನೆಲ್ಲ ತನ್ನ ನೋಟುಬುಕ್ಕಿನಲ್ಲಿ ಪೆನ್ಸಿಲಿನ ಚುಕ್ಕೆಗಳಾಗಿ ಇಳಿಸಿಕೊಂಡಳು. ಆ ಪುಟವನ್ನು ನನಗೆ ತೋರಿಸಿದಾಗ ನಾನು ಬಹಳ ಹೊತ್ತು ನೋಡಲಾರದೆ ಕನ್ನಡಕ ತೆಗೆದೆ.

ಅವಳ ಹೇಳಿಕೆ ಆರಂಭವಾಗುವುದು ಆ ಚುಕ್ಕೆಗಳಿಂದ. ಇರುವವರ ಲೆಕ್ಕದಲ್ಲಿ ಇಲ್ಲದವರನ್ನು ಕಾಣುವುದು ಹೇಗೆ ಎಂಬುದು ಅವಳ ಪ್ರಶ್ನೆ.

ಉಳಿದ ದಾರಿಯೇನೂ ನೇರವಾಗಿಲ್ಲ. ಮಕ್ಕಳನ್ನು ಇಂಥ ಓದಿಗೆ ಕಳುಹಿಸಬಯಸುವ ಪಾಲಕರು ಅರ್ಹತೆಯ ನಿಯಮವನ್ನು ಮೊದಲು ಓದಬೇಕು. ಪದವಿಯಲ್ಲಿ ಗಣಿತವನ್ನೋ ಸಂಖ್ಯಾಶಾಸ್ತ್ರವನ್ನೋ ಓದಿರಬೇಕೆನ್ನುವ ಕೋರ್ಸುಗಳಿವೆ, ಯಾವ ಪದವಿಯಾದರೂ ಆದೀತೆನ್ನುವವೂ ಇವೆ. ನಮ್ಮದೇ ಪರಂಪರೆಯ ಬೆಂಗಳೂರಿನ ಸಂತ ಜೋಸೆಫರ ಮತ್ತು ಮಂಗಳೂರಿನ ಸಂತ ಅಲೋಶಿಯಸರ ಸಂಸ್ಥೆಗಳಲ್ಲಿ ಬಿಗ್ ಡಾಟಾ ಅನಾಲಿಟಿಕ್ಸ್ ಎಂ.ಎಸ್ಸಿ. ಇದೆ, ಆದರೆ ಇವಳ ಒಲವು ಸಮಾಜವಿಜ್ಞಾನದ ಕಡೆಗೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ-ಪಿಜಿ ಎಂಬ ಪರೀಕ್ಷೆ. ಕಂಪ್ಯೂಟರಿನ ಮುಂದೆ ಕುಳಿತು ಬರೆಯುವಂಥದ್ದು, ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹಳ್ಳಿಯ ಮಗಳಿಗೆ ಇದು ಎರಡು ಪರೀಕ್ಷೆಗಳನ್ನು ಒಟ್ಟಿಗೆ ಬರೆದಂತೆ. ಇದು ನ್ಯಾಯವೆಂದು ನನಗೆ ತೋರುವುದಿಲ್ಲ.

ಶಿಫಾರಸು ಪತ್ರದಲ್ಲಿ ಒಂದು ಅಂಕಣವಿತ್ತು: ಅರ್ಜಿದಾರರನ್ನು ನೀವು ಎಷ್ಟು ಕಾಲದಿಂದ, ಯಾವ ನೆಲೆಯಲ್ಲಿ ಬಲ್ಲಿರಿ? ಹತ್ತು ವರ್ಷಗಳಿಂದ ಎಂದು ಬರೆದೆ. ಅನಂತರ, ಆಕೆ ಬರೆದಿರುವ ಹಾಜರಿ ಪುಸ್ತಕ ನಾನು ಸಂಚಾಲಕನಾಗಿದ್ದ ಶಾಲೆಯದು, ಆ ಪುಟಗಳ ಕೆಳಗಿರುವ ಸಹಿ ನನ್ನದು, ಆಕೆಯ ಎಣಿಕೆ ಸರಿಯಾಗಿದೆ ಎಂದು ಸೇರಿಸಿದೆ.

ಓದಿ ನೋಡಿದ ಅವಳು, "ಇದರಿಂದ ನಿಮಗ ತ್ರಾಸ ಆಗೂದಿಲ್ಲೇನ್ರಿ ಫಾದರ್?" ಎಂದು ಕೇಳಿದಳು.

"ಆಗಲಿ ಬಿಡವ್ವಾ," ಎಂದು ಲಕೋಟೆ ಅಂಟಿಸಿದೆ.

ಮರುವಾರದಿಂದ ಪ್ರತಿದಿನ ಸಂಜೆ ಅವಳು ತನ್ನ ಮನೆಯಲ್ಲಿ ಮೊಬೈಲಿನಲ್ಲಿ ಗಣಿತದ ಪಾಠ ಕೇಳತೊಡಗಿದಳು. ಒಂದು ರಾತ್ರಿ ಅವಳ ತಂದೆಯಿಂದ ಕರೆ ಬಂತು. ಏನೋ ಅವಘಡವೆಂದು ಗಾಬರಿಯಿಂದ ಎತ್ತಿದೆ. "ಏನಿಲ್ರಿ ಫಾದರ್," ಎಂದರು, "ಇಕಿ ಪಾಠ ಕೇಳಾಕ ದಿನಾ ಎಷ್ಟು ಡಾಟಾ ಬೇಕಾಗ್ತೈತ್ರಿ? ಅಂಗಡ್ಯಾಗ ಮೂರು ತಿಂಗಳದ ಪ್ಯಾಕ್ ಒಮ್ಮೆಲೇ ಹಾಕಸೇನ್ರಿ, ಸಾಕಾಗ್ತೈತೇನ್ರಿ?"