ತಿರುಳಿನಾಚೆಯ ಓಟ

ಬೆಂಗಳೂರಿನ ಬೂಟಿನ ಅಂಗಡಿಯೊಂದರಲ್ಲಿ ಹುಡುಗನೊಬ್ಬ ನನ್ನ ಪಾದ ಅಳೆದು, ‘ಸರ್, ರೋಡ್ ರನ್ನಿಂಗಾ, ಟ್ರೇಲಾ?’ ಎಂದು ಕೇಳಿದ. ಎರಡೂ ಅಲ್ಲಪ್ಪ, ನಾನು ಓಡುವುದು ಫರಸಿ ಮೇಲೆ ಎಂದೆ. ಅವನಿಗೆ ತಿಳಿಯಲಿಲ್ಲ. ಗಾಜಿನ ಬಾಗಿಲಿನಾಚೆ ಫುಟ್‌ಪಾತಿಗೆ ಹಾಸಿದ್ದ ಬೂದು ಚಪ್ಪಡಿಗಳ ಕಡೆ ಬೆರಳು ಮಾಡಿದೆ. ‘ಓ, ಶಹಾಬಾದ್ ಕಲ್ಲಾ! ಯಾವ ಊರು ಸರ್ ನಿಮ್ದು?’ ಎಂದ. ‘ಮಳಖೇಡ.’ ‘ಅದು ಆಂಧ್ರನಾ?’

ಹುಡುಗನ ಮೇಲೆ ಸಿಟ್ಟು ಬರಲಿಲ್ಲ. 1956ರ ತನಕ ನಾವು ಹೈದರಾಬಾದ್ ರಾಜ್ಯದಲ್ಲೇ ಇದ್ದವರು, ನಮ್ಮ ಮಾತಿನಲ್ಲಿ ಉರ್ದು, ತೆಲುಗು ಎರಡೂ ಧಾರಾಳ ಬೆರೆತಿವೆ. ಆ ಮಾತಿಗೆ ಬೆಂಗಳೂರಿನಲ್ಲಿ ಜನ ಇವತ್ತಿಗೂ ನಗುತ್ತಾರೆ. ನನ್ನ ಸಿಟ್ಟು ನೇರ ಹೋಗಿ ನಿಂತದ್ದು ಒಂಬತ್ತನೆಯ ಶತಮಾನದ ಒಬ್ಬ ಕವಿಯ ಮುಂದೆ. ಅವನ ವಿಚಾರ ಆಮೇಲೆ. ಮೊದಲು ಓಟದ ದಾರಿಗಳನ್ನು ಹೇಳಿಬಿಡುತ್ತೇನೆ.

ಡಾಕ್ಟರು ನಡೆಯಲು ಹೇಳಿದ್ದರು. ಮಾಸ್ತರಿಕೆಯಲ್ಲಿ ನಡೆದು ನಡೆದು ಸಾಕಾಗಿದ್ದ ನಾನು ಓಡಲು ಶುರು ಮಾಡಿದೆ. ಮಳಖೇಡದಲ್ಲಿ ವಯಸ್ಸಾದವನೊಬ್ಬ ಬೆಳಕು ಹರಿಯುವ ಮೊದಲೇ ಓಡಿದರೆ ಊರು ಸುಮ್ಮನಿರುವುದಿಲ್ಲ. ಕುರಿ ಹೊಡೆದುಕೊಂಡು ಹೊಂಟ ಮುತ್ಯಾ ಒಬ್ಬರು ನನ್ನನ್ನು ತಡೆದು ನಿಲ್ಲಿಸಿ, ‘ಯಾಕ್ರಿ ಸರ, ಯಾರರ ಬೆನ್ನ ಹತ್ಯಾರೇನು?’ ಎಂದು ಕೇಳಿದರು. ಸಕ್ಕರೆ ಕಾಯಿಲೆ ಬೆನ್ನು ಹತ್ತಿದೆ ಎಂದೆ. ‘ಹಂಗಿದ್ರ ಓಡ್ರಿ’ ಎಂದು ದಾರಿ ಬಿಟ್ಟರು.

ಮೊದಲನೆಯ ದಾರಿ ಕೋಟೆಯದು. ಕಾಗಿಣಾ ನದಿಯ ದಂಡೆಗೇ ಕೋಟೆ. ನಮ್ಮ ಕಡೆಯ ಕಲ್ಲು ಪದರು ಪದರಾಗಿ ಏಳುವಂಥದ್ದು, ಹಾಗಾಗಿ ಗೋಡೆಯೂ ಪದರು ಪದರಾಗಿಯೇ ಎದ್ದಿದೆ. ಇದರಲ್ಲಿ ರಾಷ್ಟ್ರಕೂಟರದ್ದೆಷ್ಟು, ನಂತರದವರದ್ದೆಷ್ಟು ಎಂದು ಪಂಡಿತರು ಬೇಕಾದರೆ ಬೇರ್ಪಡಿಸಲಿ. ಓಡುವವನಿಗೆ ಎಲ್ಲವೂ ರಾಷ್ಟ್ರಕೂಟರ ದೊರೆ ಅಮೋಘವರ್ಷನದೇ. ಕೋಟೆ ಬಳಸಿ ಓಣಿಗಿಳಿದರೆ ಮನೆಗಳೂ ಅದೇ ಕಲ್ಲಿನವು. ಗೋಡೆಗೆ ಕಲ್ಲು, ನೆಲಕ್ಕೆ ಕಲ್ಲು, ಹಳೆಯ ಮನೆಗಳಲ್ಲಿ ಮಾಳಿಗೆಗೂ ಕಲ್ಲು, ಹೊಲದ ಬೇಲಿಗೆ ನೆಟ್ಟದ್ದೂ ಕಲ್ಲೇ. ಚಪ್ಪಡಿ ಸವೆದು ನುಣುಪಾಗಿರುತ್ತದೆ, ಇಬ್ಬನಿ ಬಿದ್ದ ಬೆಳಗು ಕಾಲು ಜಾರುತ್ತದೆ. ಬೇಸಿಗೆಯಲ್ಲಿ ಜಾರುವ ಭಯವಿಲ್ಲ, ಆದರೆ ಏಳು ಗಂಟೆಗೆಲ್ಲ ಕಲ್ಲು ಕಾಯಲು ಶುರುವಾಗುತ್ತದೆ. ಮೇ ತಿಂಗಳಲ್ಲಿ ನಲವತ್ತೆರಡು ಡಿಗ್ರಿ ಎಂದರೆ ನಮ್ಮಲ್ಲಿ ಯಾರೂ ಪೇಪರಿನಿಂದ ತಲೆ ಎತ್ತುವುದಿಲ್ಲ.

ಎರಡನೆಯದು ಹೊಲದ ದಾರಿ, ತೊಗರಿ ಹೊಲಗಳ ನಡುವೆ. ಇದು ಎರಿ ಭೂಮಿ. ಒಣಗಿದ್ದಾಗ ಕಾಲಿಗೆ ಇದರಷ್ಟು ಹಿತವಾದ ನೆಲ ಇನ್ನೊಂದಿಲ್ಲ. ಒಂದು ಮಳೆ ಬೀಳಲಿ, ಹೆಜ್ಜೆಗೊಂದು ಸೇರು ಮಣ್ಣು ಬೂಟಿಗೆ ಅಂಟಿ, ಮನೆಗೆ ಬರುವಾಗ ನನಗೂ ಎತ್ತಿಗೂ ವ್ಯತ್ಯಾಸ ಉಳಿದಿರುವುದಿಲ್ಲ. ಮೂರನೆಯದು ಸಿಮೆಂಟ್ ಫ್ಯಾಕ್ಟರಿ ಕಡೆಯ ಡಾಂಬರು ರಸ್ತೆ. ಲಾರಿ, ಧೂಳು, ಹಾರ್ನು. ಅದರ ಬಗ್ಗೆ ಇಷ್ಟು ಸಾಕು.

ನನಗೆ ಹೆಚ್ಚು ಪ್ರಿಯವಾದದ್ದು ಖಣಿಯ ದಾರಿ. ರಜೆಯ ದಿನ ಚಿತ್ತಾಪುರದ ಕಡೆ ಹೋಗಿ ಕಲ್ಲಿನ ಖಣಿಗಳ ಅಂಚಿನಲ್ಲಿ ಓಡುತ್ತೇನೆ. ಒಂದು ಬದಿಗೆ ಒಡಕು ಕಲ್ಲಿನ ಗುಡ್ಡೆ, ಇನ್ನೊಂದು ಬದಿಗೆ ನೀರು ತುಂಬಿದ ಹಳೆಯ ತಗ್ಗು. ಅಲ್ಲಿ ಕಲ್ಲು ಎಬ್ಬಿಸುವುದನ್ನು ನೋಡುತ್ತ ನಿಂತರೆ ಓಟ ಅಲ್ಲಿಗೇ ಮುಗಿಯುತ್ತದೆ. ಕೆಲಸಗಾರ ಮೊದಲು ಸುತ್ತಿಗೆಯಿಂದ ಅಲ್ಲಲ್ಲಿ ಬಡಿದು ಸದ್ದು ಕೇಳುತ್ತಾನೆ. ಸದ್ದು ಗಣಗಣ ಅಂದರೆ ಕಲ್ಲು ಗಟ್ಟಿ, ಬೊದ್ದೆಂದರೆ ಒಳಗೆಲ್ಲೋ ಬಿರುಕು. ಆಮೇಲೆ ಪದರಿನ ಸಂದು ಹುಡುಕಿ ಉಳಿ ಕೂರಿಸಿ, ಸಾಲಾಗಿ ನಾಲ್ಕು ಪೆಟ್ಟು ಕೊಟ್ಟು, ಹಾರೆ ತೂರಿಸಿ ಮೀಟುತ್ತಾನೆ. ಬುಟ್ಟಿಯಿಂದ ಖಡಕ್ ರೊಟ್ಟಿ ತೆಗೆದಂತೆ ಇಡೀ ಹಾಸು ಒಂದೇ ಸಲಕ್ಕೆ ಮೇಲೇಳುತ್ತದೆ, ಕೆಳಗೆ ಅಷ್ಟೇ ಸಮತಟ್ಟಾದ ಇನ್ನೊಂದು ಹಾಸು ಕಾದಿರುತ್ತದೆ. ಒಂದು ಕಾಲಕ್ಕೆ ಇಲ್ಲೆಲ್ಲ ಸಮುದ್ರವಿತ್ತು, ಅದರ ತಳದಲ್ಲಿ ಸುಣ್ಣದ ಕೆಸರು ಪದರು ಪದರಾಗಿ ಕೂತು ಈ ಕಲ್ಲಾಯಿತು. ಅದೂ ಐವತ್ತು ಕೋಟಿ ವರ್ಷಗಳಿಗೂ ಹಿಂದೆ. ಭೂವಿಜ್ಞಾನಿಗಳು ಇದಕ್ಕೆ ಭೀಮಾ ಶಿಲಾವರ್ಗವೆಂದು ಹೆಸರಿಟ್ಟಿದ್ದಾರೆ. ಮನೆಯಲ್ಲಿ ಅವ್ವನಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ. ಆದರೆ ನಿಂಬೆಹಣ್ಣು ಹಿಂಡುವಾಗ ಒಂದು ಹನಿ ಫರಸಿ ಮೇಲೆ ಬಿದ್ದರೂ ಬೈಯುತ್ತಿದ್ದಳು. ಹುಳಿ ಬಿದ್ದಲ್ಲಿ ಸುಣ್ಣದ ಕಲ್ಲು ಕರಗಿ ಹೊಳಪು ಹೋಗುತ್ತದೆ, ಎಷ್ಟು ಒರೆಸಿದರೂ ಆ ಕಲೆ ಹೋಗುವುದಿಲ್ಲ. ಬಚ್ಚಲಿಗೆ ಆಸಿಡ್ ಸುರಿಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಈ ಕಲ್ಲು ಊರು ಬಿಟ್ಟು ಎಲ್ಲ ಕಡೆ ಹೋಗಿದೆ. ಎಷ್ಟು ಊರುಗಳ ಅಡುಗೆಮನೆ, ಎಷ್ಟು ರೈಲು ನಿಲ್ದಾಣಗಳ ಪ್ಲಾಟ್‌ಫಾರ್ಮು! ನಮ್ಮ ಜಿಲ್ಲೆಯ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪ ಅಗೆದಾಗ ರಾಣಿಯ ಜೊತೆ ನಿಂತ ಅರಸನ ಶಿಲ್ಪ ಸಿಕ್ಕಿತಲ್ಲ, ಮೇಲೆ ಬ್ರಾಹ್ಮಿಯಲ್ಲಿ ‘ರಾಯಾ ಅಸೋಕೋ’ ಎಂದು ಬರೆದದ್ದು, ಅದೂ ಸುಣ್ಣದ ಕಲ್ಲಿನದೇ. ಅಶೋಕ ಚಕ್ರವರ್ತಿಗೂ ನಿಲ್ಲಲು ನಮ್ಮ ಚಪ್ಪಡಿಯೇ ಬೇಕಾಯಿತು ಎಂದು ನಾನು ತರಗತಿಯಲ್ಲಿ ಹೇಳುವುದುಂಟು. ಹುಡುಗರು ನಗುತ್ತಾರೆ, ಅವರಲ್ಲಿ ಅರ್ಧ ಜನರ ಅಪ್ಪಂದಿರು ಖಣಿಯಲ್ಲಿರುತ್ತಾರೆ.

ಇನ್ನು ಆ ಕವಿಯ ವಿಚಾರ. ‘ಕವಿರಾಜಮಾರ್ಗ’ ಹುಟ್ಟಿದ್ದು ಮಾನ್ಯಖೇಟದ, ಅಂದರೆ ಆಗ ರಾಜಧಾನಿಯಾಗಿದ್ದ ನಮ್ಮ ಮಳಖೇಡದ ಅರಮನೆಯಲ್ಲಿ, ಅರವತ್ತು ವರ್ಷಕ್ಕೂ ಮಿಕ್ಕಿ ಆಳಿದ ಅಮೋಘವರ್ಷ ನೃಪತುಂಗನ ನೆರಳಿನಲ್ಲಿ. ಬರೆದವನು ಶ್ರೀವಿಜಯನೋ ದೊರೆಯೋ ಎಂಬ ಹಳೆಯ ಜಗಳಕ್ಕೆ ನಾನು ಹೋಗುವುದಿಲ್ಲ. ಬೈಯುವ ಅನುಕೂಲಕ್ಕೆ ಶ್ರೀವಿಜಯ ಎಂದಿಟ್ಟುಕೊಳ್ಳೋಣ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡು ಎಂದು ಗೆರೆ ಎಳೆದದ್ದನ್ನು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ಮುಂದಿನ ಮಾತನ್ನು ಅಷ್ಟಾಗಿ ಎತ್ತುವುದಿಲ್ಲ. ಆ ನಾಡಿನೊಳಗೆ ಕನ್ನಡದ ತಿರುಳು ಯಾವುದು ಎಂದು ಅವನು ನಾಲ್ಕು ಊರು ಹೆಸರಿಸುತ್ತಾನೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೆಳಗಾವಿ ಜಿಲ್ಲೆಯ ಒಕ್ಕುಂದ. ಮಾನ್ಯಖೇಟ ಎಲ್ಲಿ? ಇಲ್ಲ. ತಾನು ಉಂಡ ಮನೆ, ಕೂತ ಆಸ್ಥಾನ, ಲೇಖನಿ ಹಿಡಿದ ಊರು ಪಟ್ಟಿಯಲ್ಲಿಲ್ಲ. ನಾಲ್ಕರಲ್ಲಿ ನಮಗೆ ಹತ್ತಿರದ ಊರು ಪಟ್ಟದಕಲ್ಲು. ಅದಕ್ಕೂ ರಸ್ತೆ ಹಿಡಿದರೆ ಇನ್ನೂರು ಕಿಲೋಮೀಟರಿಗೂ ಹೆಚ್ಚು.

ಓಡುವಾಗ ತಲೆಗೆ ಬೇರೆ ಕೆಲಸವಿರುವುದಿಲ್ಲ, ಹಾಗಾಗಿ ಇದನ್ನು ಎಲ್ಲ ದಿಕ್ಕಿನಿಂದಲೂ ಯೋಚಿಸಿದ್ದೇನೆ. ಅರಮನೆಯಲ್ಲಿ ಆಗ ಕನ್ನಡದ ಕಿವಿ ಎಷ್ಟಿತ್ತು? ಜಿನಸೇನಾಚಾರ್ಯರು ಬರೆದದ್ದು ಸಂಸ್ಕೃತದಲ್ಲಿ, ಗಣಿತದ ಮಹಾವೀರಾಚಾರ್ಯನೂ ಸಂಸ್ಕೃತದಲ್ಲೇ. ನೂರು ವರ್ಷದ ಮೇಲೆ ಇಲ್ಲಿಗೆ ಬಂದ ಪುಷ್ಪದಂತ ಅಪಭ್ರಂಶದಲ್ಲಿ ಮಹಾಪುರಾಣ ಬರೆದ. ರಾಜಧಾನಿಗೆ ನಾಲ್ಕು ದಿಕ್ಕಿನ ಜನ ಬರುತ್ತಾರೆ, ಬಂದವರೆಲ್ಲ ತಮ್ಮ ಮಾತನ್ನೂ ತರುತ್ತಾರೆ. ಅಂಥ ಸಂತೆಯಲ್ಲಿ ಕೂತವನಿಗೆ ದೂರದ ಮಲಪ್ರಭೆಯ ಕಡೆಯ ಕನ್ನಡವೇ ಚೊಕ್ಕ ಎನಿಸಿರಬೇಕು. ಬಹುಶಃ ಅವನ ತಾಯಿಮನೆ ಆ ಕಡೆಯದೇ ಇತ್ತೆಂದು ನನ್ನ ಗುಮಾನಿ. ಆಧಾರ ಕೇಳಬೇಡಿ, ಏರು ಹತ್ತುವಾಗ ಹೊಳೆದದ್ದು. ಇನ್ನೊಂದು ರೀತಿಯಲ್ಲಿ ನೋಡಿದರೆ ಅವನನ್ನು ಮೆಚ್ಚಬೇಕು. ದೊರೆಯ ಊರನ್ನು ಮೊದಲು ಬರೆದು, ಉಳಿದದ್ದನ್ನು ಆಮೇಲೆ ಸೇರಿಸುವುದು ಆಸ್ಥಾನದವರ ಪದ್ಧತಿ. ಇವನು ದೊರೆಯ ಎದುರಿಗೇ, ನಿಮ್ಮ ಊರಿನ ಕನ್ನಡ ತಿರುಳಲ್ಲ ಎಂದು ಹೇಳಿ ತಲೆ ಉಳಿಸಿಕೊಂಡಿದ್ದಾನೆ. ಈಗ ಹಾಗೆ ಹೇಳಿ ನೋಡಿ.

ಈ ಊರಿನ ಅತಿ ದೊಡ್ಡ ಓಟ ನಡೆದದ್ದು 972ರಲ್ಲಿ. ಮಾಳವದ ಪರಮಾರ ಸೀಯಕ ಬಂದು ಮಾನ್ಯಖೇಟವನ್ನು ಲೂಟಿ ಮಾಡಿದ. ಯಾರು ಯಾವ ದಾರಿ ಹಿಡಿದು ಓಡಿದರೋ, ಮರುವರ್ಷವೇ ರಾಜ್ಯ ಚಾಲುಕ್ಯ ತೈಲಪನ ಪಾಲಾಯಿತು, ಆಮೇಲೆ ರಾಜಧಾನಿಯೂ ಕಲ್ಯಾಣಕ್ಕೆ ಹೋಯಿತು. ಹೋಗದೆ ಉಳಿದದ್ದು ಹೊಳೆ. ಕಾಗಿಣಾ ತೆಲಂಗಾಣದಿಂದ ತಾಂಡೂರು ದಾಟಿ ಬರುತ್ತದೆ, ಅಲ್ಲಿಯೂ ಇದೇ ಕಲ್ಲು, ಇದೇ ತೊಗರಿ. ನಮ್ಮನ್ನು ಹಾದು ಶಹಾಬಾದಿನ ಹೊನಗುಂಟಾದಲ್ಲಿ ಭೀಮೆಗೆ ಸೇರುತ್ತದೆ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಬಡಕಲಾಗಿ ಹರಿಯುವ ಇದು ಮಳೆಗಾಲದಲ್ಲಿ ನಮ್ಮೂರಿನ ಜಯತೀರ್ಥರ ಮಠದೊಳಕ್ಕೂ ನುಗ್ಗುತ್ತದೆ. ಸೇತುವೆ ಮುಳುಗಿ ಕಲಬುರಗಿ–ಸೇಡಂ ಬಸ್ಸುಗಳು ಆಚೆಯವು ಆಚೆ, ಈಚೆಯವು ಈಚೆ ನಿಂತ ವರ್ಷಗಳು ಬೇಕಾದಷ್ಟಿವೆ. ಆಗ ನನಗೆ ಕೋಟೆ ಸುತ್ತುವ ಒಂದೇ ದಾರಿ ಉಳಿಯುತ್ತದೆ, ಅದೂ ಅರ್ಧ.

ಹಂಪಿಯಲ್ಲಿ ಓಟ, ಮೈಸೂರಿನಲ್ಲಿ ಓಟ ಎಂದು ಪೇಪರಿನಲ್ಲಿ ಓದುತ್ತಿರುತ್ತೇನೆ. ಪಟ್ಟದಕಲ್ಲಿನಿಂದ ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ ಸುತ್ತಿ ಬರುವ ಓಟವನ್ನೂ ಯಾರಾದರೂ ಉತ್ಸಾಹಿಗಳು ಒಂದು ದಿನ ಏರ್ಪಡಿಸಬಹುದು. ಕಾಲಿಗೆ ಕಸುವಿದ್ದವರು ಹಲವು ದಿನಕ್ಕೆ ಹಂಚಿಕೊಂಡು ಓಡಿಯಾರು. ಅಂಥವರಲ್ಲಿ ನನ್ನದೊಂದೇ ವಿನಂತಿ: ಹೊರಡುವ ಗೆರೆಯನ್ನು ಮಳಖೇಡದ ಕೋಟೆ ಬಾಗಿಲಲ್ಲಿ ಹಾಕಿ. ತಿರುಳಿಗೆ ಸೇರದಿದ್ದರೂ ಆ ನಾಲ್ಕು ಊರುಗಳನ್ನು ಎಣಿಸಿದ್ದು ಇಲ್ಲಿಂದಲೇ. ದಿನಾಂಕ ಮಾತ್ರ ದಸರೆಯ ಆಚೆಗೆ ಇಟ್ಟುಕೊಳ್ಳಿ, ಅದಕ್ಕೂ ಮುಂಚೆ ಸೇತುವೆಯನ್ನು ನಂಬುವ ಹಾಗಿಲ್ಲ.