ಆ ಶಾಟು ಹೇಗೆ ತೆಗೆದರು?

ಸಿನಿಮಾ ನೋಡುವ ಸುಖ ಒಂದು. ನೋಡಿ ಬಂದು, ‘ಆ ಶಾಟು ಹೇಗೆ ತೆಗೆದಿರಬಹುದು’ ಎಂದು ಹರಟುತ್ತ ಕೂರುವ ಸುಖವೇ ಬೇರೆ. ಕಥೆ ಹೇಗಿತ್ತು, ಯಾರು ಚೆನ್ನಾಗಿ ನಟಿಸಿದರು ಎಂಬ ಮಾತು ಥಿಯೇಟರಿನ ಮೆಟ್ಟಿಲು ಇಳಿಯುವಷ್ಟರಲ್ಲಿ ಮುಗಿಯುತ್ತದೆ. ಯಂತ್ರದ ಮಾತು ಹಾಗಲ್ಲ, ಬೈ-ಟೂ ಕಾಫಿ ಆರಿ ತಣ್ಣಗಾದರೂ ಮುಗಿಯುವುದಿಲ್ಲ.

ನಮ್ಮ ಗುಂಪಿನಲ್ಲಿ ಒಬ್ಬನದು ಟಿವಿ ರಿಪೇರಿ ಅಂಗಡಿ, ಒಬ್ಬರು ಹೈಸ್ಕೂಲಿನ ವಿಜ್ಞಾನದ ಮೇಡಂ, ಮತ್ತೊಬ್ಬ ಡಲ್ಲಾಸಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಈಗ ಎಲ್ಲರೂ ಒಂದೇ ಮೇಜಿಗೆ ಸೇರುವುದು ಅಪರೂಪ, ಹರಟೆಯೆಲ್ಲ ಮೊಬೈಲಿನಲ್ಲೇ. ಅದರಲ್ಲೂ ಒಂದು ಅನುಕೂಲವಿದೆ. ಚಿತ್ರವನ್ನು ಅಲ್ಲೇ ನಿಲ್ಲಿಸಿ, ಅನುಮಾನ ಬಂದ ಜಾಗಕ್ಕೆ ಕೆಂಪು ಸುತ್ತು ಹಾಕಿ ಕಳಿಸಬಹುದು.

ಹಾಗೆ ಅತಿ ಹೆಚ್ಚು ಕೆಂಪು ಸುತ್ತು ಬಿದ್ದಿರುವುದು ನಮ್ಮ ಹಳೆಯ ದ್ವಿಪಾತ್ರ, ತ್ರಿಪಾತ್ರದ ಚಿತ್ರಗಳಿಗೆ. 1978ರ ‘ಶಂಕರ್ ಗುರು’ವನ್ನೇ ನೋಡಿ. ಅಪ್ಪ ಒಬ್ಬ, ಮಕ್ಕಳಿಬ್ಬರು, ಮೂವರೂ ರಾಜ್‌ಕುಮಾರ್. ಕಂಪ್ಯೂಟರಿನ ಹಂಗಿಲ್ಲದ ಆ ಕಾಲದಲ್ಲಿ ಇಂಥ ಚಿತ್ರಗಳಿಗೆ ಒದಗುತ್ತಿದ್ದದ್ದು ಮಾಸ್ಕ್. ಲೆನ್ಸಿನ ಮುಂದೆ ಅರ್ಧ ಭಾಗಕ್ಕೆ ಕಪ್ಪು ಮರೆ ಕಟ್ಟಿ, ನಟನನ್ನು ಎಡಗಡೆ ನಿಲ್ಲಿಸಿ ಚಿತ್ರೀಕರಿಸುತ್ತಿದ್ದರು. ಆಮೇಲೆ ಫಿಲ್ಮನ್ನು ಕ್ಯಾಮೆರಾದೊಳಗೇ ಹಿಂದಕ್ಕೆ ಸುತ್ತಿ, ಮರೆಯನ್ನು ಇನ್ನೊಂದು ಅರ್ಧಕ್ಕೆ ಸರಿಸಿ, ವೇಷ ಬದಲಿಸಿ ಬಂದ ಅದೇ ನಟನನ್ನು ಬಲಗಡೆ ನಿಲ್ಲಿಸುವುದು. ಅಷ್ಟು ಹೊತ್ತೂ ಕ್ಯಾಮೆರಾ ಕೂದಲೆಳೆಯಷ್ಟು ಅಲುಗಬಾರದು, ಬೆಳಕು ಬದಲಾಗಬಾರದು. ಒಂದು ಸಣ್ಣ ಎಡವಟ್ಟಾದರೆ ಮೊದಲ ಅರ್ಧವೂ ಹಾಳು. ಮಾತಿನ ಭರದಲ್ಲಿ ಕೈ ಬೀಸಿ ನಡುಗೆರೆ ದಾಟಿದರೆ ಆ ಕೈಯೇ ಮಾಯ! ಅದಕ್ಕೇ ಗೆರೆಯನ್ನು ಕಂಬದ ಅಂಚಿನಲ್ಲೋ ಬಾಗಿಲ ಚೌಕಟ್ಟಿನಲ್ಲೋ ಅಡಗಿಸುತ್ತಿದ್ದರು.

“ಲೋ, ಆ ಕಂಬದ ನೆರಳು ಅರ್ಧಕ್ಕೇ ನಿಂತಿದೆ ನೋಡೋ” ಎನ್ನುತ್ತಾನೆ ರಿಪೇರಿ ಅಂಗಡಿಯವನು. “ಕಂಬ ಅಲ್ಲಪ್ಪ, ಪಕ್ಕದ ಪರದೆಯ ಮಡಿಕೆ ನೋಡು” ಎನ್ನುತ್ತಾರೆ ಮೇಡಂ. ಗೆರೆ ಹುಡುಕುತ್ತ ಹುಡುಕುತ್ತ ಕಣ್ಣು ನಟನ ಮೇಲೇ ಹೋಗಿ ನಿಲ್ಲುತ್ತದೆ. ಎದುರಿಗೆ ಯಾರೂ ಇಲ್ಲದ ಜಾಗಕ್ಕೆ ದೃಷ್ಟಿ ನೆಟ್ಟು ಮಾತಾಡಿ, ತಾನೇ ಆಮೇಲೆ ಕೊಡಬೇಕಾದ ಉತ್ತರಕ್ಕೆ ಬೇಕಾದಷ್ಟು ಬಿಡುವು ಬಿಟ್ಟು, ಮತ್ತೆ ಆ ಬಿಡುವಿನೊಳಗೇ ಬಂದು ಕೂರಬೇಕು. ಯಂತ್ರದ ಬೆನ್ನು ಹತ್ತಿ ಹೊರಟವರಿಗೆ ರಾಜ್‌ಕುಮಾರ್ ಎಂಥ ನಟ ಎಂಬುದು ಮತ್ತಷ್ಟು ಅರ್ಥವಾಗುತ್ತದೆ. ಈ ಹರಟೆ ನನಗೆ ಇಷ್ಟವಾಗುವುದು ಇದಕ್ಕೇ.

2016ರ ‘ನಾಗರಹಾವು’ ಬಂದಾಗ ಗುಂಪು ಎರಡು ಹೋಳಾಯಿತು. ವಿಷ್ಣುವರ್ಧನ್ ತೀರಿಕೊಂಡದ್ದು 2009ರ ಡಿಸೆಂಬರ್ 30ರಂದು. ಆ ಚಿತ್ರದಲ್ಲಿ ಅವರನ್ನು ಕಂಪ್ಯೂಟರಿನಿಂದ ಮತ್ತೆ ತೆರೆಗೆ ತಂದಿದ್ದರು. ಡಲ್ಲಾಸಿನವನು ಆ ಕೆಲಸದ ಕಷ್ಟವನ್ನು ಬಿಡಿಸಿ ಬಿಡಿಸಿ ಹೇಳಿದ; ಅವನ ಮಾತಿನಲ್ಲಿ ಹುರುಳಿತ್ತು. ಆ ಮುಖ ಕಂಡಾಗ ನನಗೂ ಗಂಟಲು ಕಟ್ಟಿತು. ಆದರೂ ನನ್ನ ಮತ ಮಾಸ್ಕಿಗೇ. ಅಲ್ಲಿ ಎರಡೂ ಅರ್ಧದಲ್ಲಿ ಉಸಿರಾಡುವ ಮನುಷ್ಯನೊಬ್ಬ ನಿಂತಿದ್ದ.

ಬಣ್ಣದ ಜಗಳ ಇನ್ನೂ ರುಚಿಕರ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತುಂಬಿಕೊಂಡು ಮತ್ತೆ ತೆರೆಗೆ ಬಂದವು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಕೆಂಪು ಸೀರೆಯೂ ಹಸಿರು ಸೀರೆಯೂ ಒಂದೇ ಬೂದು ಬಣ್ಣವಾಗಿ ಕಾಣಬಹುದು ಎಂದು ಮೇಡಂ ಪಾಠ ಮಾಡಿದರು. ಹಾಗಾದರೆ ಆ ಸೀರೆಯ ನಿಜವಾದ ಬಣ್ಣ ಫಿಲ್ಮಿಗೇ ಗೊತ್ತಿಲ್ಲ. ಈಗ ಕಾಣುವುದು ಯಾರೋ ಕೂತು ನಿರ್ಧರಿಸಿದ್ದು. ಇಡೀ ಚಿತ್ರಕ್ಕೆ ಹೀಗೆ ನಿರ್ಧರಿಸುತ್ತ ಹೋದವರ ತಾಳ್ಮೆಗೆ ನನ್ನ ನಮಸ್ಕಾರ ಇದೆ. ನಾನು ನೋಡುವುದು ಮಾತ್ರ ಕಪ್ಪು-ಬಿಳುಪನ್ನೇ.

ರೋಬೋ ಮಾತು ಬಂದರೆ ಸಾಕು, 2002ರ ‘ಹಾಲಿವುಡ್’ನಲ್ಲಿ ಉಪೇಂದ್ರ ರೋಬೋ ಆಗಿದ್ದು ರಜನಿಯ ‘ಎಂದಿರನ್’ಗಿಂತ ಎಂಟು ವರ್ಷ ಮೊದಲು ಎಂದು ಯಾರಾದರೂ ಹೆಮ್ಮೆಯಿಂದ ಹೇಳಿಯೇ ಹೇಳುತ್ತಾರೆ. ಹೇಳಬೇಕಾದದ್ದೇ.

ಚಿತ್ರ ತೆಗೆದವರಷ್ಟೇ ತೋರಿಸಿದವರದೂ ಕಸುಬು. ಎರಡು ಸಾವಿರ ಅಡಿಯ ರೀಲು, ಸೆಕೆಂಡಿಗೆ 24 ಫ್ರೇಮಿನಂತೆ ಓಡಿದರೆ, ಸುಮಾರು 22 ನಿಮಿಷಕ್ಕೆ ಮುಗಿಯುತ್ತದೆ. ಮುಗಿಯುವ ಮುಂಚೆ ಪರದೆಯ ಬಲ ಮೇಲ್ತುದಿಯಲ್ಲಿ ಒಂದು ಚುಕ್ಕೆ ಮಿಂಚುತ್ತಿತ್ತು: ಎರಡನೆಯ ಪ್ರೊಜೆಕ್ಟರಿನ ಮೋಟಾರು ಓಡಿಸು ಎಂದು. ಕೆಲವೇ ಸೆಕೆಂಡಿನಲ್ಲಿ ಇನ್ನೊಂದು ಚುಕ್ಕೆ: ಈಗ ಬದಲಿಸು. ಈ ನಡುವೆ ಆಪರೇಟರ್ ಎರಡು ಕಾರ್ಬನ್ ಕಡ್ಡಿಗಳ ತುದಿಯ ಅಂತರವನ್ನೂ ನೋಡಿಕೊಳ್ಳಬೇಕು. ಆ ತುದಿಗಳ ನಡುವೆ ಉರಿಯುವ ವಿದ್ಯುತ್ತಿನ ಜ್ವಾಲೆಯೇ ಚಿತ್ರದ ಬೆಳಕು. ಕಡ್ಡಿ ಸವೆದು ಅಂತರ ಹೆಚ್ಚಾದರೆ ಪರದೆ ಮಂಕಾಗುತ್ತದೆ, ಕೆಳಗೆ ಶಿಳ್ಳೆ ಶುರುವಾಗುತ್ತದೆ. ಆ ಚುಕ್ಕೆಯ ಗುಟ್ಟು ತಿಳಿದ ಮೇಲೆ ನನಗೆ ಸಿನಿಮಾ ನೋಡುವುದರಲ್ಲಿ ಇನ್ನೊಂದು ಸಂತೋಷ ಸೇರಿಕೊಂಡಿತು. ಮೇಲಿನ ಕತ್ತಲ ಕೋಣೆಯಲ್ಲಿ ಒಬ್ಬ ಮನುಷ್ಯ ನಮಗಾಗಿ ಕಣ್ಣು ಮಿಟುಕಿಸದೆ ಕಾಯುತ್ತಿದ್ದಾನೆ ಎಂಬ ಸಂತೋಷ.

ಆ ಪ್ರೊಜೆಕ್ಟರುಗಳ ಕಾಲ ಮುಗಿದಿದೆ. ಈಗ ಚಿತ್ರಮಂದಿರಗಳಿಗೆ ಸಿನಿಮಾ ಬರುವುದು ಡಿಜಿಟಲ್ ರೂಪದಲ್ಲಿ. ನಿಮ್ಮ ಊರಿನ ಹಳೆಯ ಟಾಕೀಸಿನ ಆಪರೇಟರ್ ಇನ್ನೂ ಇದ್ದರೆ ಒಂದು ಸಂಜೆ ಹೋಗಿ ಅವರ ಜೊತೆ ಕೂತು ಕೇಳಿ. ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.